ಒಲಿಂಡಾಳ ಬಟ್ಟೆ ಒಗೆಯುವ ನೀರು

ಬಟ್ಟೆಯ ಗಂಟನ್ನು ದಂಡೆಯ ಮೇಲಿಟ್ಟು, ಪ್ಯಾಂಟನ್ನು ಮೊಣಕಾಲಿಗೇರಿಸಿ, ಮೆಲೆಸಿಯೋ ಇನ್ನೇನು ಹೊಳೆಗೆ ಇಳಿಯಬೇಕು, ಅಷ್ಟರಲ್ಲಿ ಹಲಗೆ ಕಣ್ಣಿಗೆ ಬಿತ್ತು. ಕೆಂಪು ಬಣ್ಣದಲ್ಲಿ ಎರಡೇ ಸಾಲು. 'ಈ ನೀರು ಮುಟ್ಟಬೇಡಿ. ಕುರಿಗಳನ್ನೂ ಬಿಡಬೇಡಿ.' ಬರೆದವಳು ಒಲಿಂಡಾ. ಗಂಟಿನಲ್ಲಿದ್ದದ್ದೂ ಅವಳದೇ ಬಟ್ಟೆ.

ಅವನು ಒಂದು ಕಾಲು ಎತ್ತಿಕೊಂಡೇ ನಿಂತ.

"ಯಾಕೋ ಅಳಿಯ, ಕೊಕ್ಕರೆ ಥರ ನಿಂತ್ಬಿಟ್ಟೆ?" ಎಂದಳು ಸತುರ್ನಿನಾ ಅಜ್ಜಿ. ಊರಿನ ಸಾವಿನ ಶಾಸ್ತ್ರಗಳನ್ನೆಲ್ಲ ನಲವತ್ತು ವರ್ಷದಿಂದ ಅವಳೇ ನಡೆಸಿಕೊಡುತ್ತಾ ಬಂದವಳು. "ಮೂವತ್ತು ವರ್ಷದಲ್ಲಿ ಆ ಮನೆಯವ್ರು ನಿನಗೆ ಹೇಳಿರೋದು ಇದೊಂದೇ ಕೆಲ್ಸ. ಇಡೀ ಪೆರುವಿನಲ್ಲಿ ಹುಡುಕಿದ್ರೂ ನಿನ್ನಂಥ ಸೋಮಾರಿ ಸಿಗಲ್ಲ."

"ಇಳೀಬೇಡಿ ಅಂತ ನಾದಿನೀನೇ ಬರ್ದಿದ್ದಾಳಲ್ಲಜ್ಜಿ."

"ಅದು ಬದುಕಿರೋರಿಗೆ ಬರ್ದಿದ್ದು."

"ನಾನು ಬದುಕಿದೀನಲ್ಲ."

"ನೋಡಿದ್ರೆ ಹಾಗನ್ಸಲ್ಲ."

ದಂಡೆಯ ಮೇಲಿದ್ದ ಹೆಂಗಸರು ಟೋಪಿ ಬಗ್ಗಿಸಿಕೊಂಡು ನಕ್ಕರು. ಸಾವಿನ ಮನೆಯ ಅಳಿಯನನ್ನು ಗೋಳು ಹೊಯ್ದುಕೊಳ್ಳುವುದಕ್ಕೆ ಆ ದಿನ ಎಲ್ಲರಿಗೂ ಹಕ್ಕಿತ್ತು. ಆದರೆ ಕೆಲಸ ಮಾತ್ರ ತಮಾಷೆಯದಲ್ಲ. ಸತ್ತವರ ಬಟ್ಟೆಯನ್ನು ಮನೆಯ ಅಳಿಯ ಹರಿಯುವ ನೀರಿನಲ್ಲಿ ಒಗೆಯಬೇಕು. ಒಗೆದ ನೀರು ಕಣ್ಣಿಗೆ ಮರೆಯಾಗುವ ತನಕ ಹರಿದು ಹೋಗಬೇಕು. ಆಮೇಲೆಯೇ ಶವದ ಪೆಟ್ಟಿಗೆ ಹೊಸಿಲು ದಾಟುವುದು. ಇಲ್ಲದಿದ್ದರೆ ಜೀವ ಬಟ್ಟೆಗೇ ಅಂಟಿಕೊಂಡು ಮನೆಯಲ್ಲಿ ಉಳಿದುಬಿಡುತ್ತದೆ. ಶವಸಂಸ್ಕಾರಕ್ಕೆ ಎರಡು ಗಂಟೆಗೆ ಇಗರ್ಜಿಯ ಗಂಟೆ ಹೊಡೆಯುವುದಿತ್ತು. ಈಗಾಗಲೇ ಹತ್ತೂವರೆ.

ಮೆಲೆಸಿಯೋನ ಹೆಂಡತಿ ತೆಯೊದೋರಾ ಹಿಂದಿನಿಂದ ಬಂದಳು. ಸತ್ತ ಒಲಿಂಡಾ ಅವಳ ತಂಗಿ. ಹೊಳೆಯ ಕಡೆ ನೋಡಿದಳು. ಮೇಲಿನ ಗಣಿಯಿಂದ ಇಳಿದು ಬರುವ ನೀರು, ಕಲ್ಲುಗಳಿಗೆಲ್ಲ ಇಟ್ಟಿಗೆ ಬಣ್ಣದ ಕಿಟ್ಟ ಹಿಡಿದಿತ್ತು.

"ಕಾಲು ಕೆಳಗಿಡು. ಇಲ್ಲಿ ಬೇಡ," ಎಂದಳು.

"ನಿಮ್ಮಮ್ಮನ ಬಟ್ಟೆ ಇಲ್ಲೇ ಒಗ್ದಿದ್ದು," ಎಂದಳು ಅಜ್ಜಿ. "ನಿಮ್ಮಜ್ಜೀದೂ."

"ಅಮ್ಮಂದು ಒಗ್ದಾಗ ತಳದಲ್ಲಿರೋ ಕಲ್ಲು ಎಣಿಸ್ಬೋದಾಗಿತ್ತು ಅಜ್ಜಿ."

*

ಇಪ್ಪತ್ತೆರಡು ವರ್ಷದ ಹಿಂದೆ, ಫೆಬ್ರವರಿಯ ಮಳೆಯಲ್ಲಿ, ಒಲಿಂಡಾ ಇದೇ ದಂಡೆಯ ಮೇಲೆ ಮೊದಲ ಬಾಟಲಿ ತುಂಬಿಸಿದ್ದಳು. ಹುವಾಂಕಾಯೋ ಪೇಟೆಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವ ಹೊಸ ಕೆಲಸ, ಮೈಗೆ ಹೊಸ ಬಿಳಿ ಕೋಟು. ಊರಿನ ಹೊಳೆಯ ನೀರನ್ನು ಪರೀಕ್ಷೆ ಮಾಡಿ ಎರಡು ವಾರಕ್ಕೆ ಓಡಿ ಬಂದಳು.

"ಸೀಸ ಇದೆ, ಆದ್ರೆ ಅಷ್ಟೊಂದಿಲ್ಲ ಅಕ್ಕ. ಕುರಿ ಬಿಡ್ಬೋದು."

"ನೋಡಿ ಹೇಳ್ತಿದೀಯ ತಾನೆ?"

"ಯಂತ್ರ ಹೇಳಿದ್ದು ಕಣೇ. ನಾನಲ್ಲ."

ಯಂತ್ರ ಸುಳ್ಳು ಹೇಳಿರಲಿಲ್ಲ. ಮಳೆಗಾಲದ ತುಂಬು ಹೊಳೆಯಲ್ಲಿ ವಿಷ ತೆಳುವಾಗಿತ್ತು, ಅಷ್ಟೇ. ಮಳೆ ನಿಂತ ಮೇಲೆ ನೀರು ಇಳಿಯಿತು, ಗಣಿಯಿಂದ ಬರುವುದು ಮಾತ್ರ ಅಷ್ಟೇ ಉಳಿಯಿತು. ಆಗಸ್ಟ್ ಹೊತ್ತಿಗೆ ತೆಯೊದೋರಾಳ ಕುರಿಗಳು ಗೋಡೆಗೆ ತಲೆ ಒತ್ತಿಕೊಂಡು ನಿಲ್ಲತೊಡಗಿದವು. ಆಮೇಲೆ ನಿಲ್ಲುವುದೂ ಆಗಲಿಲ್ಲ. ಹದಿನಾಲ್ಕು ಸತ್ತವು.

ಒಲಿಂಡಾ ಸತ್ತ ಕುರಿಗಳ ನಡುವೆ ಕೂತು ಅತ್ತಳು. ತೆಯೊದೋರಾ ಒಂದು ಮಾತೂ ಬೈಯಲಿಲ್ಲ. ಸಲಿಕೆ ತಂದು ಗುಂಡಿ ತೋಡಿದಳು.

ಅಂದಿನಿಂದ ಪ್ರತಿ ತಿಂಗಳ ಮೊದಲ ಭಾನುವಾರ ಒಲಿಂಡಾ ಬಸ್ಸಿಳಿದಳು. ಮಳೆಯಲ್ಲಿ, ಮಂಜಿನಲ್ಲಿ, ಜ್ವರದಲ್ಲಿ. ಎರಡು ಹೊಳೆ, ಕೆಳಗಿನ ಸರೋವರ, ಒಟ್ಟು ಹನ್ನೊಂದು ಬಾಟಲಿ. ಮದುವೆಯಾಗಲಿಲ್ಲ, ದೊಡ್ಡ ಪದವಿಯೂ ಬರಲಿಲ್ಲ. ಅವಳ ಲೆಕ್ಕ ನಂಬಿ ಪೇಟೆಯ ಕಚೇರಿ ಎರಡು ಹಳ್ಳಿಗೆ ನಲ್ಲಿ ಹಾಕಿಸಿತು, ಮೂರನೆಯ ಹಳ್ಳಿಗೆ ಮುಂದಿನ ವರ್ಷ ಎನ್ನುತ್ತಲೇ ಇತ್ತು. ಅಕ್ಕ ಪ್ರತಿ ಸಲವೂ ಬಿಸಿ ಆಲೂಗಡ್ಡೆ ಸಾರು ಕೊಟ್ಟಳು, "ಬಾರಮ್ಮ ಡಾಕ್ಟ್ರಮ್ಮ" ಎಂದು ಕಿಚಾಯಿಸಿದಳು. ಕುರಿಯ ಮಾತು ಇಬ್ಬರೂ ಎತ್ತಲಿಲ್ಲ.

ಮೊನ್ನೆ ಭಾನುವಾರ ಮರಳಿ ಹೋಗುವ ಬಸ್ಸಿನಲ್ಲಿ ಒಲಿಂಡಾ, ತೊಡೆಯ ಮೇಲೆ ಬಾಟಲಿಗಳ ಡಬ್ಬಿ ಇಟ್ಟುಕೊಂಡೇ ಕಿಟಕಿಗೆ ಒರಗಿದಳು. ನಿದ್ದೆ ಬಂದಿದೆ ಅಂದುಕೊಂಡ ಕಂಡಕ್ಟರ್ ಕೊನೆಯ ಸ್ಟಾಪಿನ ತನಕ ಎಬ್ಬಿಸಲಿಲ್ಲ.

*

"ಚೂಯಾಗೆ ಹೋಗೋಣ," ಎಂದಳು ತೆಯೊದೋರಾ. ಚೂಯಾ ಇನ್ನೊಂದು ಹೊಳೆ, ಗಣಿ ಇಲ್ಲದ ಗುಡ್ಡದಿಂದ ಇಳಿಯುವುದು.

"ಈ ಮುದಿ ಕಾಲಲ್ಲಿ ನಾನು ಬಂದ ಹಾಗೇ," ಎಂದಳು ಅಜ್ಜಿ.

"ನನ್ನ ಗಾಡಿ ಇದೆಯಲ್ಲ," ಎಂದ ಎಲಿಯಾಸ್.

ಎಲ್ಲರೂ ತಿರುಗಿ ನೋಡಿದರು. ಸರೋವರದಲ್ಲಿ ಟ್ರೌಟ್ ಮೀನು ಸಾಕುತ್ತಿದ್ದವನು ಅವನು. ಒಲಿಂಡಾಳ ವರದಿ ಬಂದ ಮೇಲೆ ಅವನ ಮೀನನ್ನು ಸಂತೆಯಲ್ಲಿ ನಾಯಿಯೂ ಮೂಸಿರಲಿಲ್ಲ. ಅವಳ ಸಾವಿಗೆ ಅವನು ಬಂದದ್ದೇ ಹೆಚ್ಚು ಎಂದು ಬೆಳಗ್ಗೆಯಿಂದ ಪಿಸುಮಾತು ನಡೆದಿತ್ತು.

"ಏನ್ ಹಾಗ್ ನೋಡ್ತೀರಿ? ಹತ್ತಿ."

ಹಿಂದೆ ಏಳೆಂಟು ಜನ, ಎರಡು ಬಕೆಟ್, ಗಂಟು. ಮುಂದೆ ಅಜ್ಜಿ, ತೆಯೊದೋರಾ. ಗಾಡಿ ಗುಡ್ಡ ಹತ್ತುವಾಗ ಎಲಿಯಾಸ್ ರಸ್ತೆ ನೋಡುತ್ತಲೇ ಮಾತಾಡಿದ.

"ಮೀನಿನ ತೊಟ್ಟಿ ಚೂಯಾ ಪಕ್ಕಕ್ಕೆ ಹಾಕೋ ಅಂತ ಹೇಳಿದ್ದೇ ಅವಳು. ಎರಡು ವರ್ಷ ಕೇಳ್ಲಿಲ್ಲ ನಾನು. ಬೈದೆ. ಕಲ್ಲೂ ಎಸ್ದಿದ್ದೆ ಒಂದ್ಸಲ."

"ತಾಗ್ತಾ?" ಅಜ್ಜಿ ಕೇಳಿದಳು.

"ಬಾಟಲಿಗೆ ತಾಗ್ತು. ಅದಕ್ಕೇ ಅವಳಿಗೆ ಜಾಸ್ತಿ ಕೋಪ ಬಂದಿದ್ದು. ಮೊದ್ಲಿಂದ ತುಂಬಿಸ್ಬೇಕಲ್ಲ, ಮತ್ತೆ ಎರಡು ಮೈಲಿ ನಡೀಬೇಕು." ಅವನು ಗೇರ್ ಬದಲಿಸಿದ. "ಆಮೇಲೆ ಪ್ರತಿ ತಿಂಗ್ಳು ತೊಟ್ಟಿ ಹತ್ರ ಬಂದು ಕೂತ್ಕೊಳ್ಳೋಳು. ಮೀನು ಹುರಿದು ಕೊಟ್ರೆ, ತಾಳು ಮೊದ್ಲು ಅಳೀತೀನಿ ಅನ್ನೋಳು. ಅಳೆದು ಮುಗಿಯೋ ಹೊತ್ತಿಗೆ ಮೀನು ತಣ್ಣಗಾಗಿರ್ತಿತ್ತು. ಆದ್ರೂ ಮುಳ್ಳು ಬಿಡದ ಹಾಗೆ ತಿನ್ನೋಳು."

ತೆಯೊದೋರಾ ಕಿಟಕಿಯ ಕಡೆ ತಿರುಗಿದಳು. ತಂಗಿ ಎಲ್ಲಿ ಕೂತು ಏನು ತಿನ್ನುತ್ತಿದ್ದಳೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಚೂಯಾದ ನೀರು ಗಾಜಿನ ಹಾಗಿತ್ತು. ಮೆಲೆಸಿಯೋ ಗಂಟು ಬಿಚ್ಚಿದ. ಎರಡು ಲಂಗ, ಉಣ್ಣೆಯ ಸ್ವೆಟರ್, ಕಾಲುಚೀಲ, ಕೊನೆಗೆ ಬಿಳಿ ಕೋಟು. ತೋಳಿನ ತುಂಬ ತೂತು, ಎದೆಯ ಮೇಲೆ ಹಳದಿ ಕಲೆ, ಜೇಬಿನ ಅಂಚು ಸುಟ್ಟಿತ್ತು. ಅವನು ಅದನ್ನು ನೀರಿಗೆ ಇಳಿಸಲು ಹೋದಾಗ ಎಲಿಯಾಸ್ ಕೈ ಹಿಡಿದ.

"ತಾಳು ಮಾರಾಯ. ಏನೇನು ಆಮ್ಲ ಕುಡಿದಿದೆಯೋ ಆ ಕೋಟು. ಮೇಲಿಂದ ಸೋಪು ಬೇರೆ. ನೂರು ಮಾರು ಕೆಳಗೆ ನನ್ನ ತೊಟ್ಟಿ."

"ಸಾವಿನ ದಿನ ಮೀನಿನ ಚಿಂತೆ ನಿಂಗೆ," ಎಂದಳು ಅಜ್ಜಿ.

"ನಂಗಲ್ಲ, ಅವಳಿಗೆ. ಇಲ್ಲಿ ಪಾತ್ರೆ ತೊಳೆದ್ರೂ ಬೈಯೋಳು. ಕೆಳಗಿನೋರು ಇದನ್ನೇ ಕುಡೀತಾರೆ ಅಂತ."

ಮೆಲೆಸಿಯೋ ಕೋಟನ್ನು ಕೂಸಿನ ಹಾಗೆ ಎತ್ತಿಕೊಂಡು ನಿಂತಿದ್ದ.

"ಹಾಗಾದ್ರೆ ಮನೇಲೇ ಬಕೆಟ್ಟಲ್ಲಿ ನೆನೆಸಿದ್ರಾಯ್ತು," ಎಂದ.

"ಬಕೆಟ್ಟಲ್ಲಿ ನೀರು ಸುತ್ತತ್ತೆ, ಹೋಗಲ್ಲ," ಎಂದಳು ಅಜ್ಜಿ. "ಅವಳೂ ಅಲ್ಲೇ ಸುತ್ತಬೇಕಾ? ಹರೀಬೇಕು. ಕಣ್ಣಿಗೆ ಮರೆಯಾಗೋ ತನಕ."

ತೆಯೊದೋರಾ ದಂಡೆಯಿಂದ ದೂರ ನಡೆದಳು. ಹೊಳೆಗೆ ಬೆನ್ನು ಹಾಕಿದ ಒಂದು ಬೋಳು ಇಳಿಜಾರು, ಒಣಗಿದ ಹುಲ್ಲು, ಅದರ ತಲೆಯಲ್ಲಿ ಚಪ್ಪಟೆ ಬಂಡೆ. ಅವಳು ಬಂಡೆಯ ಮೇಲೆ ಕೈಯಿಟ್ಟು ನೋಡಿದಳು.

"ಇಲ್ಲಿ ಒಗಿ. ಇಲ್ಲಿಗೆ ನೀರು ತಂದು ಸುರಿಯಿರಿ. ಆ ಕಡೆ ಹರಿಯತ್ತೆ, ಅಲ್ಲಿ ಯಾರ ಹೊಳೇನೂ ಇಲ್ಲ."

"ಆಗಸ್ಟಿನ ಒಣ ಮಣ್ಣು ಕಣೇ ಇದು," ಎಂದಳು ಅಜ್ಜಿ. "ನಾಲ್ಕು ಹೆಜ್ಜೆ ಹೋಗಲ್ಲ, ಕುಡಿದುಬಿಡತ್ತೆ."

"ಹೋಗೋ ತನಕ ಸುರಿಯೋಣ."

"ಹೋಗ್ಲಿಲ್ಲ ಅಂದ್ರೆ?"

"ಅಜ್ಜಿ." ತೆಯೊದೋರಾ ಟೋಪಿ ತೆಗೆದು ಮತ್ತೆ ಹಾಕಿಕೊಂಡಳು. "ಕುರಿ ಸತ್ತಾಗ ನಾನು ಬೈದಿದ್ರೆ ಅವತ್ತೇ ಮುಗೀತಿತ್ತು. ಬೈಲಿಲ್ಲ. ಇಪ್ಪತ್ತೆರಡು ವರ್ಷ ಸಾರು ಕೊಟ್ಟು ಕೊಟ್ಟು ಅವಳ್ನ ಈ ಊರಿಗೇ ಕಟ್ಟಿಹಾಕ್ದೆ. ಸತ್ತ ಮೇಲೂ ಕಟ್ಟಿಹಾಕ್ಲಾ?"

ಅಜ್ಜಿ ಬಗ್ಗಿ ಮಣ್ಣನ್ನು ಒಂದು ಸಲ ಮುಟ್ಟಿ ನೋಡಿದಳು. ಆಮೇಲೆ ಮೆಲೆಸಿಯೋನ ಕಡೆ ತಿರುಗಿ, "ಏನ್ ನೋಡ್ತೀಯ, ತೋಳು ಮಡಚು," ಎಂದಳು.

ಎಲಿಯಾಸ್ ಹೊಳೆಯಲ್ಲಿ ನಿಂತು ಬಕೆಟ್ ತುಂಬಿಸಿದ. ಜನ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದರು. ಮೆಲೆಸಿಯೋ ಬಂಡೆಯ ಮೇಲೆ ಕೂತು ಒಂದೊಂದೇ ಬಟ್ಟೆ ಉಜ್ಜಿದ. ಲಂಗದ ನೀರು ನಾಲ್ಕು ಹೆಜ್ಜೆಗೆ ಇಂಗಿತು. ಸ್ವೆಟರಿನದು ಹತ್ತು ಹೆಜ್ಜೆ ಹೋಯಿತು. ಮಣ್ಣು ನೆನೆದಂತೆಲ್ಲ ಮುಂದಿನ ನೀರು ಇನ್ನಷ್ಟು ದೂರ ಹೋಗುತ್ತಿತ್ತು.

ಕೊನೆಗೆ ಕೋಟಿನ ಸರದಿ ಬಂತು. ಅಜ್ಜಿಯೇ ಬಕೆಟ್ ಎತ್ತಿ ಸುರಿದಳು. ಮಾಸಲು ನೊರೆ ಹೊತ್ತ ಗೆರೆಯೊಂದು ಹುಲ್ಲಿನ ಬುಡಗಳ ನಡುವೆ ದಾರಿ ಹುಡುಕುತ್ತ ಇಳಿಯಿತು. ತೆಯೊದೋರಾ ಅದರ ಪಕ್ಕದಲ್ಲೇ, ಅದರದೇ ವೇಗದಲ್ಲಿ ನಡೆದಳು. ಕಲ್ಲೊಂದು ಅಡ್ಡ ಬಂದಾಗ ನೀರು ನಿಂತು ತುಂಬಿಕೊಂಡಿತು. ಅವಳೂ ನಿಂತಳು. ನೀರು ಬಳಸಿ ಹೊರಟಾಗ ಅವಳೂ ಹೊರಟಳು.

ಗುಡ್ಡದ ಅಂಚು ಇನ್ನೂ ಇಪ್ಪತ್ತು ಹೆಜ್ಜೆ ಇರುವಾಗ ಗೆರೆ ನಿಧಾನವಾಯಿತು. ಅವಳು ತಿರುಗಿ ನೋಡದೆ ಕೈ ಎತ್ತಿದಳು.

"ಇನ್ನೊಂದು," ಎಂದಳು ಅಜ್ಜಿ. ಬಕೆಟ್ ಸಾಲಿನುದ್ದಕ್ಕೂ ಬಂತು. ಸುರಿದರು. ಮತ್ತೆ ಕೈ ಎದ್ದಿತು. ಮತ್ತೆ ಸುರಿದರು. ಕೆಳಗೆ ಊರಿನಲ್ಲಿ ಗಂಟೆ ಹೊಡೆಯತೊಡಗಿತು, ಯಾರೂ ಬಕೆಟ್ ಕೆಳಗಿಡಲಿಲ್ಲ.

ನೀರಿನ ಗೆರೆಯ ಜೊತೆಗೇ ತೆಯೊದೋರಾ ಅಂಚು ದಾಟಿ ಇಳಿದಳು. ಮೊದಲು ಲಂಗ ಮರೆಯಾಯಿತು, ಆಮೇಲೆ ಭುಜ. ಕೊನೆಗೆ ಕಪ್ಪು ಟೋಪಿಯೊಂದೇ ಹುಲ್ಲಿನ ಮೇಲೆ ಸ್ವಲ್ಪ ದೂರ ಸಾಗಿ ಅದೂ ಕಾಣದಾಯಿತು. ಬಂಡೆಯ ಬಳಿ ತುಂಬಿದ ಬಕೆಟ್ ಹಿಡಿದುಕೊಂಡು ಎಲ್ಲರೂ ಕಾದು ನಿಂತರು. ಕೈ ಮತ್ತೆ ಮೇಲೇಳಲಿಲ್ಲ.