ಗಂಟೆಗೆ ತೆರೆಯುವ ಮುಚ್ಚಳ

ಗಿಮರಾಸ್ ದ್ವೀಪದ ನಮ್ಮ ಕಡಲೂರಿನಲ್ಲಿ ಫ್ರೀಜರ್ ಇದ್ದದ್ದು ಸಿಯೋನಿಯಕ್ಕನ ಗೂಡಂಗಡಿಯಲ್ಲಿ ಮಾತ್ರ. ಅದರಲ್ಲಿ ಐಸ್ ಮಾಡಿ ಅವಳು ಮಾರುತ್ತಿದ್ದಳು. ಊರವರು ತಮ್ಮ ಮೀನನ್ನೂ ಅದರಲ್ಲೇ ಇಡುತ್ತಿದ್ದರು. ಇಡಲು ಬಂದವರಿಗೆ ಬೇಡ ಎನ್ನುವ ವಾಡಿಕೆ ನಮ್ಮಲ್ಲಿಲ್ಲ. ಆದರೆ ಐಸಿನಿಂದ ಬಂದ ದುಡ್ಡನ್ನೆಲ್ಲ ಕರೆಂಟು ಬಿಲ್ಲು ನುಂಗುತ್ತಿತ್ತು. ಇನ್ನೊಂದು ತಿಂಗಳು ಹೀಗೇ ಆದರೆ ಫ್ರೀಜರನ್ನು ಮಾರಿಬಿಡುವುದೆಂದು ಅವಳು ತೀರ್ಮಾನಿಸಿದ್ದಳು.

ಹಾಗಿರುವಾಗ ಒಂದು ದಿನ ಜಪಸರ ಹಿಡಿದು ಫ್ರೀಜರಿನ ಪಕ್ಕ ಸುಮ್ಮನೆ ಕೂತಳು. ಮೀನಿಟ್ಟವರು ಹಾದುಹೋದಾಗಲೆಲ್ಲ ಮುಚ್ಚಳ ಎತ್ತಿ, ತಮ್ಮ ಮೀನು ಗಟ್ಟಿಯಾಯಿತೇ ಎಂದು ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಪ್ರತಿ ಸಲವೂ ಒಳಗೆ ಬಿಸಿಗಾಳಿ ನುಗ್ಗಿ, ಯಂತ್ರ ಮತ್ತೆ ಗುರ್ರೆನ್ನುತ್ತಿತ್ತು. ಬಿಲ್ಲು ಏರುತ್ತಿದ್ದುದು ಈ ಇಣುಕಾಟದಿಂದಲೇ ಎಂದು ಅವಳಿಗೆ ಹೊಳೆಯಿತು.

ಅಷ್ಟರಲ್ಲಿ ಮೀನುಗಾರ ಇಸ್ಕೊ ಬಂದು ಮುಚ್ಚಳಕ್ಕೆ ಕೈ ಹಾಕಿದ.

“ಕೈ ತೆಗಿಯೋ. ಇನ್ಮೇಲೆ ಇಗರ್ಜಿಯ ಪ್ರಾರ್ಥನೆ ಗಂಟೆ ಹೊಡೆದ ಮೇಲೇನೇ ಇದನ್ನ ತೆಗೆಯೋದು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಅಷ್ಟೇ.”

“ಏನಕ್ಕಾ, ನನ್ನ ಮೀನಿಗೂ ಜಪ ಕಲಿಸ್ತೀಯಾ?”

“ಮೀನು ತೆಪ್ಪಗೆ ಮಲಗಿದೆ. ಕಲೀಬೇಕಾದೋನು ನೀನು.”

ಗಂಟೆ ಹೊಡೆದೊಡನೆ ಮಾರುವ ಐಸನ್ನು ಅವಳು ಥರ್ಮಾಕೋಲ್ ಪೆಟ್ಟಿಗೆಗೆ ತೆಗೆದಿಡತೊಡಗಿದಳು. ಗಿರಾಕಿಗಳಿಗೆ ಅದರಿಂದಲೇ ಕೊಟ್ಟಳು. ಮುಂದಿನ ಬಿಲ್ಲು ಇಳಿದು ಬಂತು. ಫ್ರೀಜರ್ ಅಂಗಡಿಯಲ್ಲೇ ಉಳಿಯಿತು.

ಈಗ ಸಂಜೆ ಗಂಟೆ ಹೊಡೆದಾಗ ಕೈಯಲ್ಲಿ ಮೀನು ಹಿಡಿದವರ ಗುಂಪು ಅಂಗಡಿ ಮುಂದೆ ತಲೆತಗ್ಗಿಸಿ ನಿಂತಿರುತ್ತದೆ. ಎಲ್ಲರೂ ಗಂಟೆಯ ಪ್ರಾರ್ಥನೆ ಹೇಳಿ ಮುಗಿಸುವ ತನಕ ಸಿಯೋನಿಯಕ್ಕ ಮುಚ್ಚಳ ಎತ್ತುವುದಿಲ್ಲ. ಇಸ್ಕೊ ಮಾತ್ರ ಕೊನೆಯ ಸಾಲುಗಳನ್ನು ಸ್ವಲ್ಪ ಬೇಗ ಬೇಗ ಹೇಳುತ್ತಾನೆ.