ಇಲ್ಲ ಎನ್ನಲು ಹೋದ ಊಟ

ನನ್ನ ಅಣ್ಣ ನನ್ನ ಕಿಡ್ನಿ ಕೇಳಲು ಆರಿಸಿಕೊಂಡದ್ದು ಒಂದು ಅಗ್ಗದ ವಿಯೆಟ್ನಾಂ ಹೋಟೆಲನ್ನು. ಆಸ್ಪತ್ರೆಯ ಎದುರು ಹೊಸದಾಗಿ ತೆರೆದದ್ದು. ಬಣ್ಣ ಕಾಣದ ಸಿಮೆಂಟು ಗೋಡೆ, ಬೆನ್ನಿಗೆ ಆಸರೆಯಿಲ್ಲದ ಸ್ಟೂಲು, ಕಿವಿಗೆ ಬಡಿಯುವ ಹಾಡು, ತುಂಬ ಕಾಲೇಜಿನ ಮಕ್ಕಳು. ಮೈಯೊಳಗಿನ ಅಂಗ ಕೇಳುವ ಜಾಗವೇ ಇದು ಎಂದು ಬಾಗಿಲಲ್ಲೇ ನನಗೆ ಪಿತ್ತ ನೆತ್ತಿಗೇರಿತು.

ನಾನು ಹೋದದ್ದು ಇಲ್ಲ ಎನ್ನಲಿಕ್ಕೆ. ಅದೂ ಮುಖಕ್ಕೆ ಹೊಡೆದ ಹಾಗೆ. ಅಪ್ಪ ಸತ್ತ ಸುದ್ದಿಯನ್ನು ಈ ಮಹಾಶಯ ನನಗೆ ತಿಳಿಸಿದ್ದು ಮೂರನೇ ದಿನ, ಎಲ್ಲ ಮುಗಿದ ಮೇಲೆ. "ನೀನು ಬಂದಿದ್ರೆ ಜಗಳ ಆಗ್ತಿತ್ತು" ಎಂದಿದ್ದ, ಅಷ್ಟೇ. ಆಮೇಲೆ ಹನ್ನೊಂದು ವರ್ಷ ನಮಗೆ ಮಾತಿಲ್ಲ ಕಥೆಯಿಲ್ಲ. ಕಳೆದ ತಿಂಗಳು ಅತ್ತಿಗೆ ಮನೆಗೆ ಬಂದು ಗೊಳೋ ಎಂದು ಅತ್ತಳೆಂದು ಪರೀಕ್ಷೆಗೆ ರಕ್ತ ಕೊಟ್ಟೆ. ಹೊಂದುವುದಿಲ್ಲ ಎಂಬ ಧೈರ್ಯದ ಮೇಲೆಯೇ ಕೊಟ್ಟದ್ದು. ಹುಟ್ಟಿದಂದಿನಿಂದ ಯಾವುದೂ ಹೊಂದದ ನಮಗೆ ಇದೊಂದು ಹೊಂದಿಬಿಟ್ಟಿತು.

ಅಣ್ಣ ಮೂಲೆಯ ಟೇಬಲ್ಲಿನಲ್ಲಿ ಕೂತಿದ್ದ. ಬೆಳಿಗ್ಗೆ ನಾಲ್ಕು ಗಂಟೆ ಕಾಲ ಡಯಾಲಿಸಿಸ್ ಮಿಷನ್ನಿಗೆ ಮೈ ಕೊಟ್ಟು ಮಲಗಿ ಎದ್ದು ಬಂದವನು. ಮುಖ ಊದಿತ್ತು, ತೋಳಿಗೆ ಪಟ್ಟಿ ಸುತ್ತಿತ್ತು. ಗರ್ವಕ್ಕೆ ಮಾತ್ರ ಏನೂ ಆಗಿರಲಿಲ್ಲ.

ಅಲ್ಲಿ ಮೆನು ಎಂದರೆ ಟೇಬಲ್ಲಿಗೆ ಅಂಟಿಸಿದ ಒಂದು ಕ್ಯೂಆರ್ ಚೌಕ. ಫೋನಿನಲ್ಲೇ ಓದಿ ಫೋನಿನಲ್ಲೇ ಹೇಳಬೇಕು. ನಾನು ಫೋನನ್ನು ತೋಳುದ್ದ ಹಿಡಿದು ಕಣ್ಣು ಕಿರಿದು ಮಾಡಿದೆ.

"ನಿನ್ನ ಕಣ್ಣಿನ ನಂಬರ್ ಬದಲಾಗಿದೆ. ಆ ಕನ್ನಡಕ ಬಿಸಾಕು" ಎಂದ. ಅವನದು ಕನ್ನಡಕದ ಅಂಗಡಿ.

"ನಿನ್ನ ಅಂಗಡಿಗಂತೂ ಬರಲ್ಲ."

ಎರಡು ಬಟ್ಟಲು ಫೋ ಅವನೇ ಹೇಳಿದ. ಅಕ್ಕಿ ನೂಡಲ್ಸು, ಕೋಳಿ, ಮೇಲೆ ಹೊಗೆಯಾಡುವ ತಿಳಿ ಸಾರು. ಪಕ್ಕದ ತಟ್ಟೆಯಲ್ಲಿ ಪುದೀನ, ಮೊಳಕೆ, ಅರ್ಧ ನಿಂಬೆ, ಕೆಂಪು ಮೆಣಸಿನ ಚೂರು. ನಾನು ಡ್ರೈವಿಂಗ್ ಕಲಿಸುವವಳು. ಪಕ್ಕದ ಸೀಟಿನಲ್ಲಿ ಕೂತು, ಬೇರೆಯವರು ತಪ್ಪುವ ಮೊದಲೇ ಬ್ರೇಕು ಒತ್ತಿ ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ಅವನು ಬಾಯಿ ಬಿಡಲಿ, ಒತ್ತುತ್ತೇನೆ ಎಂದು ಕಾದೆ.

ಅವನು ಬಾಯಿ ಬಿಡಲಿಲ್ಲ. ನೂಡಲ್ಸನ್ನು ಮುಳ್ಳುಚಮಚದಿಂದ ಎತ್ತಿ, ಸೋರಿಸಿ, ಬೇರೆ ತಟ್ಟೆಗೆ ಹಾಕಿಕೊಂಡು, ಸಾರನ್ನು ದೂರ ತಳ್ಳಿದ.

"ಅಷ್ಟು ಅಸಹ್ಯ ಆದ್ರೆ ಯಾಕೆ ತರಿಸ್ದೆ?"

"ದಿನಕ್ಕೆ ಮೂರು ಲೋಟ ನಂಗೆ. ನೀರು, ಕಾಫಿ ಎಲ್ಲಾ ಸೇರಿ. ಇದನ್ನ ಕುಡಿದ್ರೆ ಇವತ್ತಿಂದು ಮುಗೀತು."

"ಮತ್ಯಾಕೆ ತರಿಸ್ದೆ?"

"ಘಮ ಬರ್ಲಿ ಅಂತ."

ಕರುಣೆ ಬರಬೇಕಿತ್ತು. ಬರಲಿಲ್ಲ. ಬಟ್ಟಲೆತ್ತಿ ಸೊರ್ ಎಂದು ಕುಡಿದೆ, ಬೇಕೆಂದೇ. ಹಾಳಾದದ್ದು, ತುಂಬ ಚೆನ್ನಾಗಿತ್ತು. ಅವನ ಬಟ್ಟಲನ್ನೂ ಎಳೆದುಕೊಂಡು ಅದನ್ನೂ ಕುಡಿದೆ. ಅವನು ನನ್ನ ಗಂಟಲನ್ನೇ ನೋಡುತ್ತ ಕೂತಿದ್ದ.

"ಕೇಳೋದಿದ್ರೆ ಕೇಳು. ಎರಡೂವರೆಗೆ ನಂಗೆ ಕ್ಲಾಸಿದೆ" ಎಂದೆ.

"ನಾಳಿದ್ದು ಡಾಕ್ಟ್ರು ನಿನ್ನ ಒಬ್ಬಳನ್ನೇ ಕೂರಿಸ್ಕೊಂಡು ಕೇಳ್ತಾರೆ, ಮನಸಾರೆ ಕೊಡ್ತಿದ್ದೀಯಾ ಅಂತ. ಇಲ್ಲ ಅನ್ನು. ಇನ್ಯಾವುದೋ ಪರೀಕ್ಷೇಲಿ ಆಗ್ಲಿಲ್ಲ ಅಂತ ನಿಮ್ಮತ್ತಿಗೆಗೆ ಅವರೇ ಹೇಳ್ತಾರೆ. ಅವಳ ಮುಂದೆ ಆಡೋಕಾಗಲ್ಲ, ಅದಕ್ಕೇ ಇಲ್ಲಿಗೆ ಕರೆದೆ."

"ಯಾಕೆ?"

"ನಿನ್ನ ಹಂಗು ನಂಗೆ ಬೇಡ. ಅದಕ್ಕಿಂತ ಮಿಷನ್ನೇ ವಾಸಿ. ಆದಷ್ಟು ದಿನ ಆಗ್ಲಿ."

ಹನ್ನೊಂದು ವರ್ಷ ಜೋಪಾನ ಮಾಡಿ ತಂದಿದ್ದ 'ಇಲ್ಲ'ವನ್ನು ಅವನು ನನ್ನ ಬಾಯಿಂದ ಕಿತ್ತುಕೊಂಡು ತನ್ನ ಅಪ್ಪಣೆ ಮಾಡಿಕೊಂಡಿದ್ದ. ಅಪ್ಪನ ಸಾವಿಗೆ ಬರಗೊಡದವನು ಈಗ ತನ್ನ ಸಾವಿಗೂ ಬರಬೇಡ ಎನ್ನುತ್ತಿದ್ದ. ಮೈಯೆಲ್ಲ ಬೆಂಕಿಯಾಯಿತು.

"ಕೊಡ್ತೀನಿ" ಎಂದೆ.

"ಏನು?"

"ಕಿವೀನೂ ಹೋಯ್ತಾ? ಕಿಡ್ನಿ ಕೊಡ್ತೀನಿ. ಡಾಕ್ಟ್ರ ಮುಂದೆ ನಗ್ತಾ ನಗ್ತಾ ಹೇಳ್ತೀನಿ, ಮನಸಾರೆ ಅಂತ. ನೀನು ಬದುಕ್ಬೇಕು. ಹೊಟ್ಟೆ ತುಂಬಾ ನೀರು ಕುಡಿ. ದಿನಕ್ಕೆ ಏಳೆಂಟು ಸಲ ಬಾತ್‌ರೂಮಿಗೆ ಹೋಗು. ಹೋದಾಗೆಲ್ಲಾ ನನ್ನ ನೆನೆಸ್ಕೊಂಡು ಉರ್ಕೋ."

ಪಕ್ಕದ ಟೇಬಲ್ಲಿನವರು ತಿನ್ನುವುದನ್ನು ನಿಲ್ಲಿಸಿದರು.

"ನಿನ್ನ ಕಾಲಿಗೆ ಬೀಳ್ತೀನಿ ಮಾರಾಯ್ತಿ. ಆಪರೇಷನ್ನಲ್ಲಿ ಹೆಚ್ಚುಕಮ್ಮಿ ಆದ್ರೆ ನಾನು ಯಾರಿಗೆ ಮುಖ ತೋರಿಸ್ಲಿ?" ಎಂದ.

"ಅದು ನಿನ್ನ ತಲೆನೋವು."

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತ. ನನಗೆ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಗೆದ್ದೆ ಎಂದುಕೊಂಡೆ. ಆಮೇಲೆ, ಸೂಜಿ ಕಂಡರೇ ತಲೆ ತಿರುಗುವವಳು ನಾನು, ಈಗ ಆಡಿದ್ದೇನು ಎಂಬುದು ಮೆಲ್ಲಗೆ ಅರ್ಥವಾಗಿ, ಟೇಬಲ್ಲಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ.