ಕಚ್ಚಾ ಹೊಲಿಗೆಯ ಒಂಬತ್ತು

ನಮ್ಮ ಅಂಗಡಿಯ ಹಿಂದಿನ ಹಗ್ಗದ ಮೇಲೆ ಹನ್ನೊಂದು ನೀಲಿ ಅಂಗಿಗಳು ಒಣಗುತ್ತಿದ್ದವು. ಗಾಳಿ ಬಂದಾಗಲೆಲ್ಲ ಮೂರು ಅಂಗಿಗಳ ಬೆನ್ನಿನ ಅಂಕಿಗಳು ಮಾತ್ರ ಮೂಲೆಯಲ್ಲಿ ಎದ್ದು ಪಟಪಟ ಎನ್ನುತ್ತಿದ್ದವು. ಅದರ ಕಾರಣ ಊರಿನಲ್ಲಿ ನನಗೊಬ್ಬಳಿಗೇ ಗೊತ್ತು ಎಂದುಕೊಂಡಿದ್ದೆ.

ಬಿ.ಎ. ಮುಗಿಸಿ ನಾನು ಫುಟ್‌ಬಾಲ್ ಮೈದಾನದ ಎದುರು ಹೊಲಿಗೆ ಅಂಗಡಿ ಇಟ್ಟಿದ್ದೆ. ಕ್ಲಬ್ಬಿನ ಅಂಗಿಗಳಿಗೆ ಬಟ್ಟೆಯ ಅಂಕಿ ಹೊಲಿಯುವುದು ನನ್ನ ಕೆಲಸ. ಊರಿನ ಆಟಗಾರರ ಅಂಕಿಗೆ ಮೆಷಿನ್ನಿನಲ್ಲಿ ಎರಡು ಸುತ್ತು ಹೊಲಿಗೆ; ಹೊರದೇಶದವರ ಅಂಕಿಗೆ ಕೈಯಲ್ಲಿ ಕಚ್ಚಾ ಹೊಲಿಗೆ. ಲೀಗಿನ ನಿಯಮದಂತೆ ಅಂಥವರು ಮೂವರು ಆಡಬಹುದಿತ್ತು. ಒಂದು ವರ್ಷ ಇದ್ದು ಹೊರಡುವವರ ಅಂಕಿ ಬಿಚ್ಚಲು ಸುಲಭವಿರಲಿ ಎಂಬುದು ನನ್ನ ಯೋಚನೆ. ಅದು ತಪ್ಪೆಂದು ಅನಿಸಿಯೇ ಇರಲಿಲ್ಲ.

ಆ ವರ್ಷ ಒಂಬತ್ತು, ಅಂದರೆ ಗೋಲು ಹೊಡೆಯುವವನ ಅಂಕಿ, ಸಮುದ್ರದಾಚೆಯಿಂದ ಬಂದ ಒಬಿನ್ನನದು. ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಎತ್ತರದ ಆಳು. ಬಂದರೆ ನೆಲಕ್ಕೆ ಬಿದ್ದ ಗುಂಡುಸೂಜಿಗಳನ್ನು ಆಯ್ದು ಡಬ್ಬಿಗೆ ಹಾಕಿಯೇ ಕೂರುತ್ತಿದ್ದ. ಅದೇ ಜಾಗದಲ್ಲಿ ಆಡಬೇಕಾದ ನಮ್ಮೂರ ತಿಪ್ಪೇಶ ವರ್ಷವಿಡೀ ಬೆಂಚಿನ ಮೇಲಿದ್ದ. ಫೈನಲ್‌ನಲ್ಲೂ ಆಡಿಸದಿದ್ದರೆ ಬೂಟು ಬಿಚ್ಚಿಟ್ಟು ಅಣ್ಣನ ಹೆಂಚಿನ ಕಾರ್ಖಾನೆಗೆ ಹೋಗುತ್ತೇನೆಂದು ಹೇಳಿಬಿಟ್ಟಿದ್ದ. ಸುಮ್ಮನೆ ಹೇಳುವವನಲ್ಲ.

ಎದುರಿನ ಟೀ ಅಂಗಡಿಯವನು ತರಬೇತುದಾರ ದೇವಯ್ಯ ಮೇಷ್ಟ್ರನ್ನು ಬಿಡುತ್ತಿರಲಿಲ್ಲ.

"ಕಾಲುಗಳ್ನ ಹಡಗಲ್ಲಿ ತರಿಸ್ಕೊಂಡ್ರಿ. ಚಪ್ಪಾಳೆ ತಟ್ಟೋಕೂ ಅಲ್ಲಿಂದ್ಲೇ ತರಿಸ್ತೀರಾ ಮೇಷ್ಟ್ರೇ?"

"ಒಬಿನ್ನನ್ನ ಕೂರಿಸಿ ಸೋತ್ರೆ ಮೊದಲ ಕಲ್ಲು ನಿಂದೇ ಕಣಯ್ಯ. ಸಕ್ಕರೆ ಹಾಕು."

ಫೈನಲ್‌ನ ಹಿಂದಿನ ದಿನ ಮಧ್ಯಾಹ್ನ ಒಬಿನ್ನ ತನ್ನ ಅಂಗಿ ಹಿಡಿದು ಬಂದ. ಮೈದಾನದಲ್ಲಿ ಕಲಿತ ಕನ್ನಡ ಅವನದು.

"ಅಕ್ಕ, ಈ ಒಂಬತ್ತು ತಿಪ್ಪೇಶನ ಅಂಗಿಗೆ ಹಾಕಿ."

"ಮೇಷ್ಟ್ರು ಹೇಳಿದ್ರಾ?"

"ನಾನೇ ಮೇಷ್ಟ್ರಿಗೆ ಹೇಳಿದೆ. ಆರನೇ ನಂಬರಿನವನ ಕಾಲು ಉಳುಕಿದೆಯಲ್ಲ, ಅಲ್ಲಿ ಹಿಂದೆ ನಾನು. ಬಾಲ್ ಕೊಡೋದು ನಾನು, ಹೊಡೆಯೋದು ಅವನು."

"ಗೋಲು ನೋಡಿಯೇ ಅಲ್ವೇನೋ ನಿನ್ನನ್ನ ಮುಂದಿನ ವರ್ಷಕ್ಕೆ ಇಟ್ಕೊಳ್ಳೋದು?"

"ಹೌದು. ಇಟ್ಕೊಳ್ಳದೇ ಇರಬಹುದು." ನೆಲದ ಗುಂಡುಸೂಜಿಯೊಂದನ್ನು ಆಯ್ದು ಡಬ್ಬಿಗೆ ಹಾಕಿದ. "ನಮ್ಮೂರ ಕ್ಲಬ್ಬಿಗೂ ಹೊರಗಿನವರು ಬರ್ತಾರೆ ಅಕ್ಕ. ಅಲ್ಲಿ ನಂದೂ ಎರಡು ವರ್ಷ ಬೆಂಚು. ಕೂತು ಕೂತು ಕಾಲು ತಣ್ಣಗಾಗುತ್ತೆ."

ನಾನು ಕತ್ತರಿಗೆ ಕೈ ಚಾಚಿದೆ. ಅವನು ಬೇಡವೆಂದು ಎರಡು ಬೆರಳಲ್ಲಿ ಅಂಕಿಯ ಮೂಲೆ ಹಿಡಿದೆಳೆದ. ಒಂಬತ್ತು ಹಾಗೆಯೇ ಕಳಚಿ ಬಂತು.

"ಮೊದಲ ದಿನಾನೇ ನೋಡಿದ್ದೆ ಅಕ್ಕ," ಎಂದು ನಕ್ಕ.

ನನಗೆ ತಲೆ ಎತ್ತಲಾಗಲಿಲ್ಲ. ಅವನೇ ಮೆಲ್ಲಗೆ ಹೇಳಿದ: "ನನ್ನ ಅಂಗಿಗೆ ಆರು ಗಟ್ಟಿಯಾಗಿ ಹಾಕಿ. ಹಿಂದೆ ಆಡೋವ್ರ ಅಂಗೀನ ತುಂಬಾ ಎಳೀತಾರೆ."

ಎಳೆಯುವುದು ಮುಂದೆ ಓಡುವವರ ಅಂಗಿಯನ್ನು ಎಂಬುದು ಅಷ್ಟು ವರ್ಷ ಮೈದಾನದ ಎದುರು ಕೂತ ನನಗೆ ತಿಳಿಯದೆ? ನನ್ನ ನಾಚಿಕೆ ಮುಚ್ಚಲು ಅವನೊಂದು ಕಾರಣ ಹುಡುಕಿ ಕೊಟ್ಟಿದ್ದ. ಆ ಆರಕ್ಕೆ ನಾಲ್ಕು ಸುತ್ತು ಹೊಲಿಗೆ ಹಾಕಿದೆ.

ಫೈನಲ್‌ನಲ್ಲಿ ತಿಪ್ಪೇಶ ಮೊದಲು ಎರಡು ಅವಕಾಶ ಕೈಚೆಲ್ಲಿದ. ಟೀ ಅಂಗಡಿಯವನು ಒಬಿನ್ನನನ್ನೇ ಮುಂದೆ ಕಳಿಸಿ ಎಂದು ಕೂಗತೊಡಗಿದ. ಒಬಿನ್ನ ಜಾಗ ಬಿಟ್ಟು ಕದಲಲಿಲ್ಲ. ಕೊನೆಯ ಗಳಿಗೆಯಲ್ಲಿ ಅವನು ಹಿಂದಿನಿಂದ ಎತ್ತಿ ಕಳಿಸಿದ ಚೆಂಡನ್ನು ತಿಪ್ಪೇಶ ಎದೆಯಲ್ಲಿ ಇಳಿಸಿಕೊಂಡು ಒದ್ದ. ಅದೊಂದೇ ಗೋಲು, ಗೆದ್ದೆವು.

ಕ್ಲಬ್ಬು ಒಬಿನ್ನನನ್ನು ಇಟ್ಟುಕೊಳ್ಳಲಿಲ್ಲ. ಆದರೆ ಅಂದಿನ ಆಟ ನೋಡಿದ್ದ ಬೇರೊಂದು ಊರಿನವರು ಆರನೆಯ ಅಂಕಿಗೇ ಅವನನ್ನು ಕರೆದುಕೊಂಡರು. ಹೊರಡುವಾಗ ಅಂಗಿಯನ್ನು ಹಿಂತಿರುಗಿಸಲಿಲ್ಲ. "ಈ ಅಂಕಿ ಬಿಚ್ಚೋಕಾಗಲ್ಲ ಅಕ್ಕ, ನೀವೇ ಹೊಲಿದಿದ್ದು," ಎಂದ.

ಈಗ ತರಬೇತುದಾರ ತಿಪ್ಪೇಶ. ಅವನ ತಲೆಯೂ ನರೆತಿದೆ. ಮೊನ್ನೆ ಹೊಸ ಅಂಗಿಗಳ ಗಂಟು ತಂದು, "ಹೊರಗಿನೋರು ಮೂವರಿದಾರೆ. ಯಾವುದು ಯಾರ್ದು ಅಂತ ಹೇಳ್ಲಾ ಅಕ್ಕ?" ಎಂದ.

"ಅಂಕಿ ಹೇಳು ಸಾಕು," ಎಂದೆ.

ನಿನ್ನೆ ಅಂಕಿ ಹೊಲಿದು ಮುಗಿಸಿ ಅವನ್ನು ನೀರಲ್ಲಿ ಅದ್ದಿ ಹಗ್ಗಕ್ಕೆ ಹಾಕಿದ್ದೆ. ಸಂಜೆ ಜೋರು ಗಾಳಿ ಬಂತು. ಹನ್ನೊಂದು ಅಂಗಿಗಳೂ ಒಟ್ಟಿಗೆ ಉಬ್ಬಿ ಮೈದಾನದ ಕಡೆ ಹಾರಾಡಿದವು. ಕಿವಿಗೊಟ್ಟು ನಿಂತೆ. ಯಾವ ಅಂಕಿಯ ಮೂಲೆಯೂ ಏಳಲಿಲ್ಲ.